ಅಪ್ಪ ಬೆನ್ನು ಹಾಕಿ ನಡೆದ ದಿನ

ಆಗೆಲ್ಲ ನಮ್ಮ ಕಡೆ ಚಳಿಗಾಲವೆಂದರೆ ಅವರೆಕಾಯಿಯ ಕಾಲ. ಬೆಳಿಗ್ಗೆ ಬಾಗಿಲು ತೆಗೆದರೆ ಮಂಜಿನ ಜೊತೆಗೆ ಅವರೆಯ ಸೊಗಡೂ ಒಳಗೆ ನುಗ್ಗುತ್ತಿತ್ತು. ಅವ್ವ ನೆನೆಹಾಕಿದ ಕಾಳನ್ನು ನಾನೂ ತಮ್ಮ ಮಂಜನೂ ಹಿದುಕಿ ಸಿಪ್ಪೆ ಬಿಡಿಸುತ್ತಿದ್ದೆವು. ಪಿಚಕ್ಕನೆ ಹಾರಿದ ಬೇಳೆ ಯಾರ ಮುಖಕ್ಕೆ ಬಡಿಯುತ್ತದೋ ಅವರು ಸೋತಂತೆ. ನನಗೆ ಹತ್ತು ವರ್ಷ, ಮಂಜನಿಗೆ ಐದು. ಹಾರೋಹಳ್ಳಿಯ ಸುತ್ತ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ಆ ಒಂದು ಚಳಿಗಾಲವನ್ನು ಮಾತ್ರ ನಾನು ಇವತ್ತಿಗೂ ನೆಮ್ಮದಿಯಿಂದ ನೆನೆಯಲಾರೆ.

ನಾವಿದ್ದದ್ದು ಕನಕಪುರದ ರಸ್ತೆಯಿಂದ ಒಳಕ್ಕಿದ್ದ ಒಂದು ಮಿಲಿಟರಿ ಅಕಾಡೆಮಿಯ ಕ್ವಾರ್ಟರ್ಸಿನಲ್ಲಿ. ಸೈನ್ಯದಲ್ಲಿ ಆಫೀಸರ್ ಆಗಬೇಕೆಂದು ಬರುವ ಹುಡುಗರನ್ನು ಅಲ್ಲಿ ತಯಾರು ಮಾಡುತ್ತಿದ್ದರು. ಅಪ್ಪ ಅವರಿಗೆ ಡ್ರಿಲ್ ಉಸ್ತಾದ್. ಸುತ್ತಲ ಹಳ್ಳಿಗಳಲ್ಲಿ ಅವನನ್ನು ಗೂರ್ಖಾ ಮೇಷ್ಟ್ರು ಎನ್ನುತ್ತಿದ್ದರು.

ಅಪ್ಪ ನೇಪಾಳದವನು. ಮೀಸೆ ಮೂಡುವ ಮೊದಲೇ ಸೈನ್ಯಕ್ಕೆ ಸೇರಲು ಬೆಟ್ಟ ಇಳಿದು ಬಂದವನನ್ನು ಎತ್ತರ ಸಾಲದೆಂದು ವಾಪಸು ಕಳಿಸಿದ್ದರು. ಊರಿಗೆ ಮರಳಲು ನಾಚಿಕೆಯಾಗಿ, ಪರಿಚಯದವರೊಬ್ಬರ ಹಿಂದೆ ದಕ್ಷಿಣಕ್ಕೆ ಬಂದು ಈ ಅಕಾಡೆಮಿಯ ಗೇಟಿನಲ್ಲಿ ಕಾವಲಿಗೆ ನಿಂತ. ಹುಡುಗರ ಡ್ರಿಲ್ಲನ್ನು ಅಲ್ಲಿಂದಲೇ ನೋಡಿ, ಮಧ್ಯಾಹ್ನ ಮೈದಾನ ಖಾಲಿಯಾದಾಗ ಒಬ್ಬನೇ ಕಾಲು ಬಡಿದು ಅಭ್ಯಾಸ ಮಾಡುತ್ತಿದ್ದನಂತೆ. ಹಳೆಯ ಉಸ್ತಾದರು ಅದನ್ನು ಕಂಡು ಹತ್ತಿರ ಕರೆದು ಕಲಿಸಿದರು. ಅವರು ನಿವೃತ್ತರಾದಾಗ ಅವರ ಜಾಗಕ್ಕೆ ಅಪ್ಪ ಬಂದ. ತಾನು ಒಂದು ದಿನವೂ ಸೈನಿಕನಾಗದೆ ಎಷ್ಟೋ ವರ್ಷ ಸೈನಿಕರನ್ನು ತಯಾರು ಮಾಡಿದ.

ಅವ್ವ ದೊಡ್ಡಆಲಹಳ್ಳಿಯವಳು. ಅಕಾಡೆಮಿಯ ಮೆಸ್ಸಿಗೆ ತರಕಾರಿ ಹಾಕಲು ತಾತನ ಜೊತೆ ಬರುತ್ತಿದ್ದವಳು ಅಪ್ಪನನ್ನು ಒಪ್ಪಿ ಇಲ್ಲೇ ಉಳಿದಳು. ತಾತ ವರ್ಷಗಟ್ಟಲೆ ಮಾತು ಬಿಟ್ಟಿದ್ದು, ನಾನು ಹುಟ್ಟಿದ ಸುದ್ದಿ ತಿಳಿದ ಮೇಲೆ ಒಂದು ಮೂಟೆ ರಾಗಿ ಕಳಿಸಿದರಂತೆ. ಅಪ್ಪನಿಗೆ ಮುದ್ದೆ ನುಂಗುವುದು ಕೊನೆಯವರೆಗೂ ಬರಲಿಲ್ಲ, ಅಗಿದೇ ತಿನ್ನುತ್ತಿದ್ದ. ಮೂಲಂಗಿ ಸೊಪ್ಪನ್ನು ಹುಳಿ ಬರಿಸಿ, ಛಾವಣಿಯ ಮೇಲೆ ಒಣಗಿಸಿ ತನ್ನೂರಿನ ಸಾರು ಮಾಡಿಕೊಳ್ಳುತ್ತಿದ್ದ. ಅವ್ವ ಮೂಗು ಮುಚ್ಚಿಕೊಂಡು, "ಈ ನಾತಕ್ಕೆ ಹಂದಿನೂ ಹತ್ರಕ್ ಬರಾಕಿಲ್ಲ" ಎಂದು ನಗುತ್ತಿದ್ದಳು.

ಆ ವರ್ಷ ಮೊದಲು ಬಂದದ್ದು ಸದ್ದು. ನಮ್ಮ ಹಿಂದಿನ ಗುಡ್ಡದಾಚೆ ಹೊಸ ಫ್ಯಾಕ್ಟರಿಗಳಿಗೆ ಜಾಗ ಮಾಡಲು ಬಂಡೆ ಸಿಡಿಸತೊಡಗಿದರು. ಸಿಡಿದಾಗಲೆಲ್ಲ ಅಡುಗೆಮನೆಯ ತಟ್ಟೆಗಳು ಗಲಗಲ ಎನ್ನುತ್ತಿದ್ದವು, ಮಂಜ ಓಡಿಬಂದು ಅವ್ವನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದ. ಆಮೇಲೆ ಆನೆಗಳು ಬಂದವು. ರಾಗಿ ಕೊಯ್ಲಿನ ಹೊತ್ತಿಗೆ ಕಾಡಿನಿಂದ ಆನೆ ಬರುವುದು ನಮ್ಮ ಸೀಮೆಗೆ ಹೊಸದಲ್ಲ. ಆದರೆ ಅವು ಗುಡ್ಡದಾಚೆಯೇ ಹಾದುಹೋಗುತ್ತಿದ್ದವು. ಈಗ ಆ ದಾರಿಗೆ ಕಾಂಪೌಂಡು ಎದ್ದಿತ್ತು. ದಾರಿ ತಪ್ಪಿದವು ಎಲ್ಲಿ ಬೇಕೆಂದರಲ್ಲಿ ಇಳಿಯತೊಡಗಿದವು.

ಒಂದು ಮುಂಜಾನೆ ಕುರಿ ಮೇಯಿಸುವ ಬೀರಜ್ಜ ಕೆರೆ ಏರಿಯ ಹತ್ತಿರ ಒಂಟಿ ಸಲಗದ ಕೈಗೆ ಸಿಕ್ಕಿ ಸತ್ತ. ನಮಗೆ ಸೀಬೆಹಣ್ಣು ಕಿತ್ತುಕೊಡುತ್ತಿದ್ದ ಮುದುಕ. ಅವನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿನ ಗಾಡಿಯಲ್ಲಿ ಒಯ್ದರು. ಹಿಂದೆ ಅವನ ಕುರಿಗಳೂ ಅರಚುತ್ತಾ ಹೋಗುತ್ತಿದ್ದವು. ಅಂದಿನಿಂದ ನನಗೆ ಪೊದೆ ಅಲುಗಿದರೂ ಆನೆ, ನೀರಿನ ಟ್ಯಾಂಕಿನ ನೆರಳೂ ಆನೆ. ಕುಂಟೆಬಿಲ್ಲೆ ಆಡುವಾಗಲೂ ಒಂದು ಕಾಲೆತ್ತಿ ಹಿಂದೆ ತಿರುಗಿ ನೋಡುತ್ತಿದ್ದೆ.

"ನಮ್ಮೂರ್‌ಗಾದ್ರೂ ಹೋಗವಾ ನಡಿ" ಎಂದಳು ಅವ್ವ ಒಂದು ದಿನ.

"ನಿಮ್ಮೂರಲ್ಲಿ ಆನೆ ಇಲ್ವಾ? ಇನ್ನೂ ಜಾಸ್ತಿ ಇದ್ದಾನೆ" ಎಂದ ಅಪ್ಪ. ಅಷ್ಟು ವರ್ಷವಾದರೂ ಅವನ ಕನ್ನಡದಲ್ಲಿ ಆನೆ, ಅವ್ವ, ಬಸ್ಸು ಎಲ್ಲವೂ 'ಅವನು'. ಆಮೇಲೆ ನನ್ನ ಕಡೆ ತಿರುಗಿ, "ನಾನಿ, ಓಡಬಾರ್ದು. ಓಡಿದ್ರೆ ಅಟ್ಟಿಸ್ಕೊಂಡ್ ಬರ್ತಾನೆ. ನಿಂತ್ಕೊಂಡ್ರೆ ನೋಡ್ತಾನೆ, ಹೋಗ್ತಾನೆ" ಎಂದ. ನಾನಿ ಎಂದರೆ ಅವನ ಭಾಷೆಯಲ್ಲಿ ಮಗಳೇ ಎಂದು.

ಶಾಲೆಯ ಬಸ್ಸು ಹಿಡಿಯಲು ನಾವು ಮೈದಾನ ದಾಟಿ ಗೇಟಿಗೆ ಹೋಗಬೇಕಿತ್ತು. ಆ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಧ್ವಜದ ಕಂಬವೂ ಕಾಣುತ್ತಿರಲಿಲ್ಲ. ಆದರೂ ಹೆದರಿಕೆ ಇರಲಿಲ್ಲ, ಹುಡುಗರ ಪರೇಡ್ ನಡೆದಿತ್ತು, ಅಪ್ಪನ ಕೂಗು ಕೇಳಿಸುತ್ತಿತ್ತು. ನಾನು ಒಂದು ಕೈಯಲ್ಲಿ ಮಂಜನನ್ನೂ ಇನ್ನೊಂದರಲ್ಲಿ ಊಟದ ಬುಟ್ಟಿಯನ್ನೂ ಹಿಡಿದು ಅರ್ಧ ಮೈದಾನ ದಾಟಿದ್ದೆ. ಹುಡುಗರ ಸಾಲೂ ಅದರ ಮುಂದೆ ನಿಂತಿದ್ದ ಅಪ್ಪನೂ ಆಗಷ್ಟೇ ಮಸುಕಾಗಿ ಕಾಣತೊಡಗಿದ್ದರು.

"ಸಾವಧಾನ್!"

ಅಪ್ಪನ ಆ ಕೂಗಿಗೆ ಎಲ್ಲ ಬೂಟುಗಳೂ ಒಟ್ಟಿಗೆ ಬಡಿದವು. ಅದರ ಹಿಂದೆಯೇ, "ಹಿಲೋ ಮತ್! ಯಾರೂ ಅಲ್ಲಾಡಬಾರ್ದು!" ಎಂದ. ಅಪ್ಪ ಪರೇಡಿನಲ್ಲಿ ಕನ್ನಡ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅದು ನಮಗಾಗಿ ಎಂದು ತಿಳಿಯಿತು. ನಿಂತುಬಿಟ್ಟೆ.

ಮೈದಾನದ ಹಿಂದೆ ಬಂಡೆ ಸಿಡಿತಕ್ಕೆ ಕುಸಿದಿದ್ದ ಗೋಡೆಯ ಕಡೆಯಿಂದ ಮಂಜು ಕಪ್ಪಾಗುತ್ತಾ ಬಂತು. ಮೊದಲು ವಾಸನೆ, ಒದ್ದೆ ಸಗಣಿಯದ್ದೋ ಕೊಳೆತ ಹುಲ್ಲಿನದ್ದೋ ಹೇಳಲಾಗದು. ಆಮೇಲೆ ಕೊಂಬು, ಸೊಂಡಿಲು, ಮಣ್ಣು ಮೆತ್ತಿದ ಬಂಡೆಯಂಥ ಮೈ. ಅಷ್ಟು ದೊಡ್ಡ ಪ್ರಾಣಿಯ ಹೆಜ್ಜೆಗೆ ಸದ್ದೇ ಇರಲಿಲ್ಲ. ಹುಡುಗರ ಸಾಲಿಗೂ ನಮಗೂ ನಡುವೆ ಬಂದು ನಿಂತಿತು. ಮಂಜನ ಉಚ್ಚೆ ನನ್ನ ಪಾದದ ಮೇಲೆ ಬೆಚ್ಚಗೆ ಹರಿಯಿತು. ಅವನು ಬಾಯಿ ತೆರೆದದ್ದು ಕಂಡು ಅವನ ಮುಖವನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದೆ. ಬುಟ್ಟಿ ಕೈಜಾರಿ ಬಿತ್ತು.

ಸೊಂಡಿಲು ಬಂದು ಬುಟ್ಟಿಯನ್ನು ಮೂಸಿತು. ನನ್ನ ಕಾಲ ಮೇಲೆ ಉಸಿರು ಬಿಟ್ಟಿತು. ಆಮೇಲೆ ಅದಕ್ಕೆ ಬೇಸರವಾಯಿತೋ ಏನೋ, ನಿಧಾನಕ್ಕೆ ಮುಂದೆ ಹೊರಟಿತು. ಬದುಕಿದೆವು ಅನ್ನುವಷ್ಟರಲ್ಲಿ ಹುಡುಗರ ಸಾಲಿನಲ್ಲಿ ಒಬ್ಬ ತಲೆಸುತ್ತಿ ಧೊಪ್ಪನೆ ಬಿದ್ದ.

ಆನೆ ಗಿರ್ರನೆ ತಿರುಗಿತು. ಕಿವಿ ಅಗಲಿಸಿತು. ನಾವು ಅದರ ನೇರಕ್ಕೇ ಇದ್ದೆವು.

ನಾನು ಅಪ್ಪನನ್ನು ನೋಡಿದೆ. ಈಗ ಓಡಿಬರುತ್ತಾನೆ, ನಮ್ಮಿಬ್ಬರನ್ನೂ ಎತ್ತಿಕೊಳ್ಳುತ್ತಾನೆ ಎಂದುಕೊಂಡೆ. ಅಪ್ಪ ನಮ್ಮನ್ನು ಒಮ್ಮೆ ನೋಡಿ, ಬೆನ್ನು ಹಾಕಿ ಗೇಟಿನ ಕಡೆ ನಡೆದ. ಪರೇಡಿನ ನಡಿಗೆ, ಪ್ರತಿ ಹೆಜ್ಜೆಗೂ ಬೂಟನ್ನು ನೆಲಕ್ಕೆ ಬಡಿಯುತ್ತಾ ನಡೆದ. ಅಪ್ಪ ನಮ್ಮನ್ನು ಬಿಟ್ಟು ಹೋಗುತ್ತಿದ್ದಾನೆ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಅದೊಂದೇ. ಆನೆಯನ್ನು ಕಂಡಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಆನೆ ಆ ಸದ್ದಿನ ಕಡೆ ತಿರುಗಿತು. ನಾಲ್ಕು ಹೆಜ್ಜೆ ನಡೆಯಿತು, ಆಮೇಲೆ ನುಗ್ಗಿತು. ಅಪ್ಪ ಕೊನೆಯವರೆಗೂ ಓಡಲಿಲ್ಲ. ಮಂಜಿನೊಳಗೆ ಇಬ್ಬರೂ ಕಾಣೆಯಾದರು. ಬೂಟಿನ ಸದ್ದು ನಿಂತಿತು.

ಅವನು ಸಿಕ್ಕಿದ್ದು ಗೇಟಿನ ಪಕ್ಕದ ಮಳೆನೀರಿನ ಚರಂಡಿಯಲ್ಲಿ. ಆನೆ ಸೊಂಡಿಲಿನಿಂದ ಒಮ್ಮೆ ಬೀಸಿ ಬಡಿದು, ತೆರೆದ ಗೇಟಿನಿಂದ ಹೊರಗೆ ಹೋಗಿತ್ತು. ಚರಂಡಿಗೆ ಬಿದ್ದದ್ದೇ ಅವನ ಪುಣ್ಯ. ಸೊಂಟದ ಮೂಳೆ ಮುರಿದಿತ್ತು, ಜೀವವಿತ್ತು.

ಆಸ್ಪತ್ರೆಯಲ್ಲಿ ಅವ್ವ ಮಂಚದ ಪಕ್ಕ ಕೂತು ಅಳುತ್ತಲೇ ಬೈದಳು. "ಮಕ್ಳತ್ರ ಹೋಗಾದ್ ಬುಟ್ಟು ಆ ಕಡೀಕ್ ಯಾಕಯ್ಯಾ ಹೋದೆ? ಎಂಥಾ ಅಪ್ಪ ನೀನು?"

"ಮಕ್ಕಳತ್ರ ಹೋದ್ರೆ ಆನೆ ಕೂಡ ಮಕ್ಕಳತ್ರ ಬರ್ತಾನಲ್ಲ" ಎಂದ ಅಪ್ಪ. ಆಮೇಲೆ, "ಬಿದ್ದ ಹುಡುಗ ಹೇಗಿದ್ದಾನೆ?" ಎಂದು ಕೇಳಿದ.

"ಚೆನ್ನಾಗವ್ನೆ. ನೀನ್ ಸುಮ್ಕೆ ಮಲ್ಕೋ."

ನನ್ನ ಕೈ ಹಿಡಿದುಕೊಂಡ. ಬಿಡಲೇ ಇಲ್ಲ. ನೋವಿಗಿರಬೇಕು ಎಂದುಕೊಂಡೆ. ನರ್ಸು ಟ್ರೇ ಕೆಳಗಿಟ್ಟ ಸದ್ದಿಗೆ ಅವನು ಬೆಚ್ಚಿಬಿದ್ದು ನನ್ನ ಬೆರಳುಗಳನ್ನು ಹಿಂಡಿದಾಗ ಗೊತ್ತಾಯಿತು, ಅದು ನೋವಲ್ಲ. ಮೈದಾನದಲ್ಲಿ ಹುಡುಗರನ್ನೆಲ್ಲ ಕಲ್ಲಿನಂತೆ ನಿಲ್ಲಿಸಿದವನಿಗೂ ಭಯವಿತ್ತು. ಹಾಗಾದರೆ ಇನ್ನು ನಮ್ಮನ್ನು ಕಾಯುವವರು ಯಾರು?

ಅಪ್ಪನಿಗೆ ಮತ್ತೆ ಬೂಟು ಬಡಿಯಲಾಗಲಿಲ್ಲ. ಅಕಾಡೆಮಿಯವರು ಕೈಬಿಡಲಿಲ್ಲ, ಗೇಟಿನಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು. ಕೆಲಸಕ್ಕೆ ಸೇರಿದ ಜಾಗದಲ್ಲೇ ನೌಕರಿಯ ಉಳಿದ ವರ್ಷಗಳನ್ನು ಕಳೆದ. ಲಾರಿಯ ಹಾರನ್ನಿಗೂ ಬೆಚ್ಚುತ್ತಿದ್ದ. ಬಂಡೆ ಸಿಡಿದರೆ ಕುರ್ಚಿಯ ಕೈ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದ. ನಾನು ಕಾಲೇಜು ಮುಗಿಸುವವರೆಗೂ ಪ್ರತಿ ಬೆಳಿಗ್ಗೆ ಕೋಲೂರಿಕೊಂಡು ಕುಂಟುತ್ತಾ ಬಸ್‌ಸ್ಟಾಪಿನವರೆಗೆ ಬಂದ. "ನೀನ್ಯಾಕಪ್ಪಾ ಬತ್ತೀಯಾ, ನಾನೇ ಹೋಗ್ತೀನಿ" ಎಂದರೆ, "ಸುಮ್ನೆ, ಗಾಳಿಗೆ" ಎನ್ನುತ್ತಿದ್ದ. ಬಸ್ಸು ಹೊರಟ ಮೇಲೂ ಆ ಕಡೆ ಈ ಕಡೆ ನೋಡುತ್ತಾ ಅಲ್ಲೇ ನಿಂತಿರುತ್ತಿದ್ದ.

ಆಫೀಸರಾದ ಹಳೆಯ ಹುಡುಗರು ಆಗಾಗ ಬಂದು ಆ ಕುರ್ಚಿಯ ಮುಂದೆ ಸಲ್ಯೂಟ್ ಹೊಡೆಯುತ್ತಿದ್ದರು. ಅವನು ನಾಚಿಕೊಂಡು, "ಟೀ ಕುಡೀರಿ ಸಾಬ್" ಎನ್ನುತ್ತಿದ್ದ. ಕೊನೆಗೆ ಅಕಾಡೆಮಿ ಬೇರೆಡೆಗೆ ಹೋಯಿತು, ಜಾಗ ಮಾರಾಟವಾಯಿತು. ಅಪ್ಪ ನೇಪಾಳಕ್ಕೆ ಮರಳಲಿಲ್ಲ. ಅವನು ತೀರಿಕೊಂಡಾಗ ದೊಡ್ಡಆಲಹಳ್ಳಿಯಲ್ಲಿ ಅವ್ವನ ಅಣ್ಣಂದಿರು ಚಟ್ಟಕ್ಕೆ ಹೆಗಲು ಕೊಟ್ಟರು.

ಈಚೆಗೆ ಆ ದಾರಿಯಲ್ಲಿ ಹೋಗುವಾಗ ಬಸ್ಸಿಳಿದೆ. ಮೈದಾನದ ತುಂಬ ತಗಡಿನ ಗೋದಾಮು. ಗುಡ್ಡವಿದ್ದ ಕಡೆ ಹಸಿರು ನೀರು ನಿಂತ ಗುಂಡಿ. ಅವರೆಯ ಹೊಲವಿಲ್ಲ, ಚಳಿಗಾಲಕ್ಕೆ ಡೀಸೆಲಿನ ವಾಸನೆ. ಕಾವಲಿಗಿದ್ದ ಹುಡುಗ ನೇಪಾಳದವನೇ. ನನಗೆ ಬರುವ ನಾಲ್ಕು ಮಾತು ನೇಪಾಳಿ ಆಡಿದೆ, ಅವನ ಮುಖ ಅರಳಿತು. ಎಷ್ಟು ಕಾಲವಾಯಿತು ಬಂದು ಎಂದರೆ ಎರಡು ತಿಂಗಳು ಎಂದ. ಮುಂದಿನ ತಿಂಗಳು ಏಜೆನ್ಸಿಯವರು ಎಲ್ಲಿಗೆ ಹಾಕುತ್ತಾರೋ ಗೊತ್ತಿಲ್ಲವಂತೆ. ಈ ಊರಿನ ಹೆಸರು ಅವನಿಗೆ ಸರಿಯಾಗಿ ಬರಲಿಲ್ಲ.

"ಇಲ್ಲಿ ಆನೆ ಬರುತ್ತಾ?" ಎಂದು ಕೇಳಿದೆ.

ತಮಾಷೆ ಎಂದುಕೊಂಡು ನಕ್ಕುಬಿಟ್ಟ. "ಇಲ್ಲ ದೀದಿ, ಇಲ್ಲಿ ಹೆದರೋಕೆ ಏನೂ ಇಲ್ಲ."

ಅವನು ಹೇಳಿದ್ದು ಸರಿಯೇ. ಆನೆ ಇರಲಿಲ್ಲ. ಅದನ್ನು ತನ್ನ ಹಿಂದೆ ಕರೆದುಕೊಂಡು ನಡೆಯುವವನೂ ಇರಲಿಲ್ಲ.