ಅವ್ವನ ಮುಖಕ್ಕೊಂದು ಒಪ್ಪಿಗೆ ಪತ್ರ

ವಕೀಲರ ಫೋನು ಬಂದಾಗ ನಾನು ಶೇಂಗಾ ಹುರಿಯುತ್ತಿದ್ದೆ. ಆ ಹೊತ್ತಿನಲ್ಲಿ ಯಾರು ಕರೆದರೂ ನಾನು ಏಳುವವಳಲ್ಲ. ಒಂದು ಗಳಿಗೆ ಕೈ ನಿಂತರೆ ತಳ ಹಿಡಿದು ಬಾಣಲೆ ಪೂರ್ತಿ ಕಹಿ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಸೌಟು ಆಡಿಸುತ್ತಲೇ ಮಾತಾಡಿದೆ.

"ಅಕ್ಕಾರ, ನಿಮ್ಮ ಟ್ರೇಡ್‌ಮಾರ್ಕ್ ಅರ್ಜಿಗೆ ಆಕ್ಷೇಪಣಿ ಬಂದಾವ್ರಿ. ತಿಂಗಳದಾಗ ಉತ್ತರ ಕೊಡಬೇಕು. ಇಲ್ಲಂದ್ರ ಅರ್ಜಿ ಬಿದ್ದುಹೋಗ್ತದ" ಅಂದರು.

"ಯಪ್ಪಾ, ನಾ ಏನು ತಪ್ಪು ಮಾಡೀನ್ರಿ?"

"ತಪ್ಪಲ್ರಿ. ಪ್ಯಾಕೇಟಿನ ಮ್ಯಾಲ ಇರೋ ಮುಖ ಯಾರ್ದು ಅಂತ ಕೇಳ್ಯಾರ."

"ನಮ್ಮವ್ವಂದು."

"ಅದು ನನಗ ಗೊತ್ತದರಿ. ಅವರಿಗೆ ಕಾಗದ ಬೇಕು."

ನಾನು ಮಾನ್ವಿಯಲ್ಲಿ ಹಿಂಡಿ ಮಾಡಿ ಮಾರುವವಳು. ಹಿಂಡಿ ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ: ಶೇಂಗಾದ್ದು, ಅಗಸಿದು, ಗುರೆಳ್ಳಿನದು. ಕಲಿಸಿದವಳು ಅವ್ವ. ಕೊನೆಯ ವರ್ಷಗಳಲ್ಲಿ ಅವಳು ನನ್ನ ಮನೆಯಲ್ಲೇ ಇದ್ದಳು. ಕಣ್ಣು ಮಂದವಾಗಿದ್ದರೂ ಪಡಸಾಲೆಯಲ್ಲಿ ಕೂತು ವಾಸನೆ ಹಿಡಿದೇ "ಇಳಸಬೇ, ಸೀದೀತು" ಅನ್ನುತ್ತಿದ್ದಳು. ಒಂದು ದಿನ ಮಾಳಿಗೆ ಮೇಲೆ ಬಿಸಿಲು ಕಾಯುತ್ತಾ ಕೂತವಳ ಫೋಟೋ ನಾನೇ ಫೋನಿನಲ್ಲಿ ತೆಗೆದಿದ್ದೆ. ತಲೆ ತುಂಬ ಸೆರಗು, ಎರಡೂ ಕಡೆ ಮೂಗುಬೊಟ್ಟು, ಮುಂದಿನ ಹಲ್ಲು ಬಿದ್ದ ನಗು. ಅವಳು ಹೋದ ಮೇಲೆ ಅದೇ ಫೋಟೋ ನನ್ನ ಹಳದಿ ಪ್ಯಾಕೇಟಿನ ಮೇಲೆ ಬಂತು, ಕೆಳಗೆ ಕೆಂಪು ಅಕ್ಷರದಲ್ಲಿ "ಅವ್ವನ ಹಿಂಡಿ".

ಟ್ರೇಡ್‌ಮಾರ್ಕ್ ಅನ್ನುವ ಉಸಾಬರಿ ನನಗೆ ಬೇಕಿರಲಿಲ್ಲ. ರಾಯಚೂರಿನ ಒಂದು ಅಂಗಡಿಯಲ್ಲಿ ಅದೇ ಹಳದಿ ಪ್ಯಾಕೇಟು, ಅದೇ ಕೆಂಪು ಅಕ್ಷರ, ಆದರೆ ಬೇರೆ ಯಾರೋ ಮುದುಕಿಯ ಚಿತ್ರ ಕಂಡಿತು. ಅಂಗಡಿಯವನು ನನ್ನ ಪ್ಯಾಕೇಟನ್ನೂ ಅದನ್ನೂ ಪಕ್ಕಕ್ಕೆ ಇಟ್ಟುಕೊಂಡು, "ಇದರಾಗ ಡೂಪ್ಲಿಕೇಟ್ ಯಾವುದ್ರಿ?" ಅಂತ ನನ್ನನ್ನೇ ಕೇಳಿದ. ತಲೆ ಕೆಟ್ಟು ಕೆರ ಹಿಡಿಯಿತು. ಅಲ್ಲಿಂದ ಸೀದಾ ವಕೀಲರ ಹತ್ತಿರ ಹೋಗಿ ಅರ್ಜಿ ಹಾಕಿಸಿದ್ದೆ.

ಫೋನು ಬಂದ ಮಾರನೇ ದಿನ ಬೆಳಗಿನ ಬಸ್ಸಿಗೆ ಮತ್ತೆ ರಾಯಚೂರಿಗೆ ಹೋದೆ. ವಕೀಲರು ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮೃದು ಮಾತಿನವರು. ಪರದೆಯ ಮೇಲಿನ ಇಂಗ್ಲಿಷ್ ಪತ್ರವನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದರು. ಮೊದಲನೇ ಆಕ್ಷೇಪಣೆ, ಹಿಂಡಿ ಅನ್ನುವುದು ಪದಾರ್ಥದ ಹೆಸರು, ಅದನ್ನು ಯಾರೂ ತಮ್ಮದು ಅನ್ನುವ ಹಾಗಿಲ್ಲ.

"ನಾ ಯಾವಾಗ ಅಂದೆ ಹಿಂಡಿ ನಂದು ಅಂತ? ಇಡೀ ಜಿಲ್ಲಾದ ಮಂದಿ ತಿಂತಾರ."

"ಹೌದ್ರಿ. ಅದಕ್ಕ ಅಕ್ಷರದ ಮ್ಯಾಲ ನಮಗ ಹಕ್ಕು ಬ್ಯಾಡ, ಮುಖ ಕೂಡಿದ ಗುರುತಷ್ಟೇ ಸಾಕು ಅಂತ ಬರೀತೀನಿ. ಆದ್ರ ಹಂಗ ಬರದ ಮ್ಯಾಲ ನಿಮ್ಮ ಕೈಯಾಗ ಉಳಿಯೋದು ಆ ಮುಖ ಒಂದೇ. ಅದು ಹೋತಂದ್ರ ಏನೂ ಇಲ್ಲ."

ಎರಡನೇ ಆಕ್ಷೇಪಣೆ ಆ ಮುಖದ್ದೇ. ಚಿತ್ರದಲ್ಲಿರುವವರು ಬದುಕಿದ್ದರೆ ಅವರ ಒಪ್ಪಿಗೆ ಬೇಕು, ತೀರಿಕೊಂಡಿದ್ದರೆ ಎಲ್ಲ ವಾರಸುದಾರರ ಒಪ್ಪಿಗೆ ಬೇಕು, ಲಿಖಿತವಾಗಿ.

"ಅವ್ವಗ ಮಕ್ಕಳು ಎಷ್ಟು ಮಂದಿ?"

"ಇಬ್ಬರು. ಅಣ್ಣ, ನಾನು. ಅಪ್ಪ ಮೊದಲೇ ಹೋಗ್ಯಾನ."

"ಮತ್ತೇನು! ಅಣ್ಣನ ಸಹಿ ಒಂದು ತಗೊಂಬರ್ರಿ. ವಂಶಾವಳಿ ಅದಲ್ರಿ? ಅದನ್ನೂ ಹಚ್ಚಿಬಿಡೋಣ."

ವಂಶಾವಳಿ ಅಂದರೆ ಸತ್ತವರ ಹಿಂದೆ ಯಾರ್ಯಾರು ಉಳಿದಿದ್ದಾರೆ ಅಂತ ನಾಡ ಕಚೇರಿಯವರು ಬರೆದು ಶಿಕ್ಕಾ ಒತ್ತಿ ಕೊಡುವ ಕಾಗದ. ಅಲ್ಲಿಂದಲೇ ಅಣ್ಣನಿಗೆ ಫೋನು ಹಚ್ಚಿದೆ. ಪಾಪ, ಎರಡು ನಿಮಿಷಕ್ಕೆ ಅದರ ಫೋಟೋ ತೆಗೆದು ಕಳಿಸಿದ. ವಕೀಲರು ನನ್ನ ಫೋನು ತೆಗೆದುಕೊಂಡು ಚಿತ್ರ ದೊಡ್ಡದು ಮಾಡಿ ನೋಡಿದರು. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಗಂಡುಮಕ್ಕಳು: ಒಬ್ಬ. ಹೆಣ್ಣುಮಕ್ಕಳು: ಇಲ್ಲ.

ಇದರಲ್ಲಿ ಅಣ್ಣನ ತಪ್ಪು ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆ ಸಾಲು ಬರೆಸಿದವಳು ನಾನೇ.

ಅವ್ವ ತೀರಿಕೊಂಡು ತಿಂಗಳೊಪ್ಪತ್ತಾಗಿರಬೇಕು. ಗಬ್ಬೂರಿನಲ್ಲಿದ್ದ ಹೊಲ ಅವ್ವನ ಹೆಸರಿನಲ್ಲಿತ್ತು. ಅಣ್ಣ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ನನ್ನ ಮುಂದೆ ಕೂತು, ಮುಖ ನೋಡದೆ, "ತಂಗೀ, ವಂಶಾವಳಿ ತಗಸಬೇಕಾಗ್ಯದ. ನಿನ್ನ ಹೆಸರು ಹಾಕಿದ್ರ ನೀನೂ ಸಹಿಗೆ ಓಡಾಡಬೇಕಾಗ್ತದ" ಅಂದು ನಿಲ್ಲಿಸಿದ. ಅವನು ಮುಂದೆ ಏನು ಹೇಳುತ್ತಿದ್ದನೋ, ನಾನು ಹೇಳಗೊಡಲಿಲ್ಲ. "ಅಯ್ಯ, ನನ್ನ ಹೆಸರು ಯಾಕ ಬೇಕಣ್ಣಾ, ಬಿಟ್ಟುಬಿಡು. ನನಗ ಹೊಲ ತಗೊಂಡು ಏನು ಮಾಡೋದದ? ತವರು ಇದ್ರ ಸಾಕು" ಅಂದೆ.

ನಮ್ಮ ಕಡೆ ಒಳ್ಳೆಯ ಮಗಳು ಅನ್ನಿಸಿಕೊಂಡವಳು ಹಾಗೇ ಅನ್ನಬೇಕು. ಅವ್ವ ತನ್ನ ತವರಿನಲ್ಲಿ ಹಾಗೇ ಅಂದಿದ್ದಳು, ಚಿಕ್ಕವ್ವನೂ ಹಾಗೇ. ಹೆಸರು ಹಾಕಿಸಿಕೊಂಡವಳನ್ನು ಪಂಚಮಿಗೆ ತವರಿಗೆ ಯಾರೂ ಕರೆಯುವುದಿಲ್ಲ. ನನ್ನ ಮಾತು ಕೇಳಿ ನೆರೆಹೊರೆಯವರು "ಮಗಳಂದ್ರ ಹಿಂಗಿರಬೇಕು" ಅಂದರು. ಆ ವರ್ಷ ಪಂಚಮಿಗೆ ಅತ್ತಿಗೆ ಇಳಕಲ್ ಸೀರೆ ಉಡಿಯಲ್ಲಿ ಹಾಕಿದಳು. ಅದನ್ನುಟ್ಟು ಮಾನ್ವಿಯ ಓಣಿ ತುಂಬ ತಿರುಗಿ, ಕೇಳಿದವರಿಗೂ ಕೇಳದವರಿಗೂ ತವರಿನವರು ಕೊಟ್ಟಿದ್ದು ಅಂತ ಹೇಳಿದೆ. ಎಂಥಾ ಹುಚ್ಚಿ ನಾನು! ಹೊಲ ಬಿಟ್ಟೆ ಅಂತಷ್ಟೇ ತಿಳಿದಿದ್ದೆ. ಅದರ ಜೊತೆ ಅವ್ವನೂ ಹೋಗುತ್ತಾಳೆ ಅಂತ ಯಾರಿಗೆ ಗೊತ್ತಿತ್ತು?

ವಕೀಲರು ಎರಡು ದಾರಿ ಹೇಳಿದರು. ನನ್ನ ಹೆಸರು ಸೇರಿಸಿ ಹೊಸ ವಂಶಾವಳಿ ಮಾಡಿಸುವುದು ಒಂದು. ಇಲ್ಲವಾದರೆ ಇರುವ ವಂಶಾವಳಿಯ ಪ್ರಕಾರ ಒಬ್ಬನೇ ವಾರಸುದಾರ ಅಂತ ಅಣ್ಣನೇ ಒಪ್ಪಿಗೆ ಬರೆದುಕೊಡುವುದು. "ಮೊದಲನೇದು ಛಲೋ" ಅಂದರು. ನನಗೂ ಹಾಗೇ ಅನ್ನಿಸಿತು.

ಮಾರನೇ ದಿನ ಮಾನ್ವಿಯಿಂದ ಹೊರಟು, ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋದೆ. ಅಣ್ಣನದು ಅಲ್ಲೊಂದು ಹಿಟ್ಟಿನ ಗಿರಣಿ. ಹುಬ್ಬು, ಮೀಸೆ ಎಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಾಗಿತ್ತು. ನನ್ನನ್ನು ಕಂಡು ಹಲ್ಲು ಬಿಟ್ಟು ನಕ್ಕ. ಯಂತ್ರದ ಸಪ್ಪಳದಲ್ಲಿ ಕೂಗಿ ಕೂಗಿಯೇ ವಿಷಯ ಹೇಳಿದೆ.

"ನನ್ನ ಹೆಸರು ಹಾಕಿಸಿ ಒಂದು ಹೊಸಾ ವಂಶಾವಳಿ ಮಾಡಸಣ್ಣಾ!"

ಅಣ್ಣ ಕೈ ಚಾಚಿ ಯಂತ್ರ ಆರಿಸಿದ. ಒಮ್ಮೆಲೇ ಅಷ್ಟೂ ಸಪ್ಪಳ ನಿಂತಿತು.

"ಹೊಲದ ಮಾತು ಏನರ ಅದ ಏನು ತಂಗೀ?"

"ಹೊಲ ಯಾರಿಗೆ ಬೇಕಾಗ್ಯದೋ ಯಣ್ಣಾ! ಅವ್ವನ ಫೋಟೋಕ್ಕ ಬೇಕಾಗ್ಯದ."

"ಫೋಟೋಕ್ಕ ವಂಶಾವಳಿ ಯಾರು ಕೇಳ್ತಾರ?"

ನಾನು ಮೊದಲಿನಿಂದ ಎಲ್ಲ ಹೇಳಿದೆ. ಅವನು ತಲೆ ಆಡಿಸುತ್ತಲೇ ಇದ್ದ, ಆದರೆ ಅವನ ಕಣ್ಣು ಎಲ್ಲೋ ಗಬ್ಬೂರಿನ ಬದುವಿನ ಮೇಲೆ ಇತ್ತು. ಅತ್ತಿಗೆ ಚಹಾ ತಂದಿಟ್ಟು, "ಊಟ ಮಾಡೇ ಹೋಗಬೇಕು ನೋಡ್ರಿ" ಅಂದು ಒಳಗೆ ಹೋದವಳು ಬಾಗಿಲ ಹಿಂದೆಯೇ ನಿಂತಿದ್ದಳು. ಹೆಸರು ಸೇರಿಸಿದರೆ ಹೊಲದ ಖಾತೆ ಮತ್ತೆ ತೆಗೆಯಬೇಕಾಗುತ್ತದೆ, ಮೊದಲು ಕೊಟ್ಟ ಕಾಗದ ಸುಳ್ಳು ಅಂತ ತಾನೇ ಬರೆದುಕೊಟ್ಟ ಹಾಗಾಗುತ್ತದೆ ಅಂತ ಅಣ್ಣ ಮೆಲ್ಲಗೆ ಹೇಳಿದ. ಅದೂ ಖರೇನೇ. "ಒಪ್ಪಿಗಿ ಬೇಕಂದ್ರ ಈಗಿಂದೀಗ ಬರದು ಕೊಡ್ತೀನಿ, ನಡಿ" ಅಂತ ಎದ್ದು ಹಿಟ್ಟು ಜಾಡಿಸಿಕೊಂಡ. ನನಗೆ ವಾದ ಮಾಡುವ ತ್ರಾಣ ಇರಲಿಲ್ಲ. ಸಹಿ ಅಂತೂ ಸಿಗುತ್ತದಲ್ಲ ಅಂತ ಹಿಂದೆ ಹೋದೆ.

ತಾಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಇಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಟೈಪ್ ಮಾಡುವವನು ಅಣ್ಣನ ಹೆಸರು, ಅವ್ವನ ಹೆಸರು, ನನ್ನ ಹೆಸರು ಹೊಡೆದ. ಏಕೈಕ ವಾರಸುದಾರನಾದ ನಾನು ಈ ಮೂಲಕ, ಅಂತ ಶುರು ಮಾಡಿ ತಲೆ ಎತ್ತಿದ.

"ಈ ಅರ್ಜಿದಾರರು ನಿಮಗ ಏನಾಗಬೇಕ್ರಿ?"

ಅಣ್ಣ ನನ್ನ ಕಡೆ ನೋಡಿದ. ತಂಗಿ ಅಂತ ಬರೆಸಿದರೆ ಹಿಂದಿನ ಸಾಲಿನಲ್ಲಿ ಏಕೈಕ ಅಂತ ಬರೆಸಿದ್ದು ಸುಳ್ಳಾಗುತ್ತದೆ, ಅದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಹಣೆಯ ಬೆವರು ಒರೆಸಿಕೊಂಡು, "ಪರಿಚಯದವ್ರು ಅಂತ ಹಾಕ್ರಿ" ಅಂದ.

ಟೈಪ್ ಮಾಡುವವನು ಒಂದು ಸಲ ಅವನ ಮುಖ, ಒಂದು ಸಲ ನನ್ನ ಮುಖ ನೋಡಿದ. ನಮ್ಮಿಬ್ಬರದೂ ಅವ್ವನ ಮೂಗು, ಕುರುಡನಿಗೂ ಗೊತ್ತಾಗುವಂಥದ್ದು. ಆಮೇಲೆ ಟಕಟಕ ಹೊಡೆದು ಮುಗಿಸಿದ. ಅಣ್ಣ ಸಹಿ ಮಾಡಿದ. ಬಸ್ ಸ್ಟ್ಯಾಂಡಿಗೆ ಬಂದು, ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟು, ಬಸ್ಸು ಹೊರಡುವವರೆಗೂ ಬಿಸಿಲಲ್ಲಿ ನಿಂತಿದ್ದ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೈದುಕೊಂಡಾದರೂ ಮನೆ ಮುಟ್ಟುತ್ತಿದ್ದೆ.

ಮನೆಗೆ ಬಂದು ಆ ಕಾಗದ ಗಂಡನಿಗೆ ತೋರಿಸಿದೆ. "ಕಾಗದದಾಗ ಏನರ ಇರಲಿ, ಕೆಲಸ ಆದ್ರ ಆತಲ್ಲ" ಅಂದರು. ಅವರದೂ ತಪ್ಪಲ್ಲ.

ಗಡುವಿಗೆ ಇನ್ನು ನಾಲ್ಕೇ ದಿನ ಇದ್ದಾಗ ಮತ್ತೆ ರಾಯಚೂರು. ಎಷ್ಟನೇ ಸಲವೋ, ಕಂಡಕ್ಟರ್ ನನ್ನ ಮುಖ ನೋಡಿಯೇ ಟಿಕೇಟು ಹರಿಯುವಷ್ಟಾಗಿತ್ತು. ವಕೀಲರು ಉತ್ತರ ಸಿದ್ಧ ಮಾಡಿ ಇಟ್ಟಿದ್ದರು.

"ಎಲ್ಲಾ ಬರೋಬ್ಬರಿ ಅದರಿ. ಇಲ್ಲೊಂದು ನಿಮ್ಮ ಸಹಿ ಆದ್ರ ಮುಗೀತು."

"ಕನ್ನಡದಾಗ ಓದಿ ಹೇಳ್ರಿ."

ಅವರು ಓದಿದರು. ಚಿತ್ರದಲ್ಲಿರುವುದು ಮೃತ ಮಹಿಳೆ. ಅರ್ಜಿದಾರರು ಮೃತರ ಕುಟುಂಬಕ್ಕೆ ಪರಿಚಿತರು. ಮೃತರ ಏಕೈಕ ವಾರಸುದಾರರು ಚಿತ್ರ ಬಳಸಲು ಒಪ್ಪಿಗೆ ಕೊಟ್ಟಿದ್ದಾರೆ.

ಹಾಸಿಗೆ ಹಿಡಿದ ಅವ್ವನಿಗೆ ದಿನಾ ಮೈಗೆ ನೀರೆರೆದವಳು ನಾನು. ಜಡೆಗಟ್ಟಿದ ಅವಳ ಕೂದಲು ಎಣ್ಣೆ ಹಚ್ಚಿ ಎಳೆ ಎಳೆ ಬಿಡಿಸಿದವಳು ನಾನು. ಕೊನೆಗೆ ಯಾರ ಗುರುತೂ ಹತ್ತದಿದ್ದಾಗಲೂ ನನ್ನ ಕೈ ಮುಟ್ಟಿ "ಬಂದೇನಬೇ" ಅನ್ನುತ್ತಿದ್ದಳು. ಪರಿಚಿತರಂತೆ! ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎಲ್ಲಾದರೂ ಗೋಡೆಗೆ ಒರಗಿ ಕೂತುಬಿಡಬೇಕು ಅನ್ನುವಷ್ಟು ದಣಿವು ಬಂತು.

"ನಾ ಮಗಳು ಅಂತ ನಾನೇ ಒಂದು ಸಾಲು ಬರದು ಹಚ್ಚಿದ್ರ?"

ವಕೀಲರು ಕನ್ನಡಕ ತೆಗೆದಿಟ್ಟರು. "ಬರೀಬಹುದ್ರಿ. ಆದ್ರ ಆಗ ನಿಮ್ಮಣ್ಣನ ಕಾಗದ ಸುಳ್ಳಾಗ್ತದ. ಅರ್ಜಿಗೆ ಹಚ್ಚಿದ ಕಾಗದ ಎಲ್ಲಾ ಇಂಟರ್ನೆಟ್ಟಿನ್ಯಾಗ ಯಾರು ಬೇಕಾದ್ರೂ ತಗದು ನೋಡಬಹುದು. ಆ ಇನ್ನೊಂದು ಪ್ಯಾಕೇಟಿನವ್ರು ನಾಳೆ ಇದನ್ನ ಹಿಡಕೊಂಡು ಬಂದ್ರ, ನಿಮ್ಮಣ್ಣ ಸುಳ್ಳು ವಂಶಾವಳಿ ಮಾಡಿಸಿದಾಂವ ಅಂತ ಎಲ್ಲರ ಮುಂದ ನಿಲ್ಲಬೇಕಾಗ್ತದ."

"ನಾನೇ ಬಿಡಸೀನಲ್ರಿ ಹೆಸರು."

"ಅದಕ್ಕ ಕಾಗದ ಅದ ಏನ್ರಿ?"

ಇಲ್ಲ. ನನ್ನ ದೊಡ್ಡಸ್ತಿಕೆಗೆ ಕಾಗದ ಎಲ್ಲಿಂದ ಬರಬೇಕು?

ಪೆನ್ನು ಕೈಗೆ ತೆಗೆದುಕೊಂಡೆ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, "ಇರಲಿ ಬಿಡ್ರಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ. "ಅಕ್ಕಾರ, ಉತ್ತರ ಹೋಗಲಿಲ್ಲಂದ್ರ ಅರ್ಜಿ ಸತ್ತಂಗ ನೋಡ್ರಿ. ಇಷ್ಟು ದೂರ ಬಂದು..." ಅಂದರು. ನನಗೆ ಗೊತ್ತಿತ್ತು. ಆ ಇನ್ನೊಂದು ಮುದುಕಿಯ ಪ್ಯಾಕೇಟು ಇನ್ನು ರಾಯಚೂರಿನ ಅಂಗಡಿಗಳಲ್ಲಿ ಆರಾಮಾಗಿ ತೂಗಾಡುತ್ತದೆ, ನಾನು ಒಂದು ಮಾತೂ ಆಡುವ ಹಾಗಿಲ್ಲ. ಗೊತ್ತಿದ್ದೂ ಸಹಿ ಮಾಡದೆ ಎದ್ದು ಬಂದೆ. ನಾಲ್ಕು ದಿನ ಕಳೆದವು. ಐದನೇ ದಿನವೂ ಎಂದಿನ ಹಾಗೆ ಶೇಂಗಾ ಹುರಿದು, ಕುಟ್ಟಿ, ಅವ್ವನ ಮುಖದ ಪ್ಯಾಕೇಟಿಗೆ ತುಂಬಿದೆ.

ಹದಿನೈದು ದಿನದ ಮೇಲೆ ಅಣ್ಣನ ಫೋನು ಬಂತು.

"ತಂಗೀ, ಆ ಕಾಗದ ನಡೀತೇನವಾ?"

"ನಡೀತಣ್ಣಾ."

"ಹೌದಾ? ಛಲೋ ಆತು ನೋಡು! ನನಗ ಇಷ್ಟು ದಿನ ಜೀವಕ್ಕ ಸಮಾಧಾನ ಇದ್ದಿದ್ದಿಲ್ಲ. ಮತ್ತೇನರ ಸಹಿ ಬೇಕಾದ್ರ ಹೇಳು. ನಾ ಇದೀನಲ್ಲ."

"ಆತಣ್ಣಾ" ಅಂದೆ.

ಅರ್ಜಿ ಬಿದ್ದುಹೋಗಿದೆ ಅಂತ ಅವನಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಯಾಕೆ ಅನ್ನುತ್ತಾನೆ. ಯಾಕೆ ಅಂತ ನಾನು ಎಷ್ಟೇ ಬಿಡಿಸಿ ಹೇಳಿದರೂ, ಅವನಿಗೆ ಅದು ನಾನು ಹೊಲ ಕೇಳಿದ ಹಾಗೆಯೇ ಕೇಳಿಸುತ್ತದೆ.