ಸಂಕಪ್ಪ ಭಾವ ಆರಿಸಿ ತೆಗೆದ ಕರಿ ವೈರುಗಳು

ನನ್ನ ಭಾವ ಸಂಕಪ್ಪನವರು ಎಂಥ ಮನುಷ್ಯ ಅಂತ ಯಾರಾದರೂ ಕೇಳಿದರೆ ನಾನು ಉದ್ದಿನ ಬೇಳೆಯಿಂದ ಶುರು ಮಾಡುತ್ತೇನೆ. ದಿಲ್ಲಿಯ ಜನಕಪುರಿಯಲ್ಲಿ ಅವರು ಹೋಟೆಲು ತೆರೆದು ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಮಧ್ಯಾಹ್ನ ಮೂರೂವರೆಗೆ ಶಟರ್ ಅರ್ಧ ಇಳಿಸಿ, ಮೂಲೆಯ ಟೇಬಲ್ಲಿಗೆ ಹಳೇ ಪೇಪರ್ ಹಾಸಿ, ಬೇಳೆ ಸುರುವಿಕೊಂಡು ತಾವೇ ಕಲ್ಲು ಆರಿಸಿದ್ದಾರೆ. ಅಂಗಡಿಯವನು ಕೊಟ್ಟದ್ದರಲ್ಲಿ ಏನೋ ಒಂದು ಬೇಡದ್ದು ಸೇರಿಯೇ ಇರುತ್ತದೆ ಎಂಬುದು ಅವರ ನಂಬಿಕೆ. ಇನ್ನೊಂದು ಅಭ್ಯಾಸ ಬೆಳಗಿನ ಮೊದಲ ದೋಸೆ. ಅದು ಗಿರಾಕಿಗೆ ಹೋಗುವಂತಿಲ್ಲ. ಕಾವಲಿಯ ಪಕ್ಕದಲ್ಲೇ ನಿಂತು ತಾವು ತಿಂದು ತಲೆ ಅಲ್ಲಾಡಿಸಿದ ಮೇಲೆಯೇ ಎರಡನೆಯದು. ಗಲ್ಲಾದಲ್ಲಿ ಕೂತು ಇವೆರಡನ್ನೂ ನೋಡಿ ನೋಡಿ ನನಗೆ ಸಾಕಾಗಿ ಹೋಗಿತ್ತು.

ಅವರಿಗೆ ಒಬ್ಬಳೇ ಮಗಳು, ರಶ್ಮಿತಾ. ದಿಲ್ಲಿಯಲ್ಲೇ ಹುಟ್ಟಿದವಳು, ನೋಯ್ಡಾದಲ್ಲಿ ಕೆಲಸ. ಅವಳಿಗೆ ಜೀಪಿನ ಹುಚ್ಚು. ರಸ್ತೆಯ ಮೇಲೆ ಓಡಿಸುವ ಹುಚ್ಚಾದರೆ ಪರವಾಗಿಲ್ಲ. ಇವಳು ಭಾನುವಾರ ಬಂತೆಂದರೆ ಗೆಳೆಯರ ಜೊತೆ ಗುಡಗಾಂವ್ ಆಚೆಯ ಕಲ್ಲುಗುಡ್ಡಗಳಿಗೆ ಹೋಗಿ, ರಸ್ತೆಯೇ ಇಲ್ಲದ ಕಡೆ ಹತ್ತಿಸಿ ಇಳಿಸುವವಳು. ಮೂರು ವರ್ಷ ಭಾವ ಆ ಜೀಪಿನ ಕಡೆ ಮುಖ ತಿರುಗಿಸಲಿಲ್ಲ. ಎರಡು ಸಾವಿರದ ಆರರಲ್ಲಿ ಅದರ ಕಬ್ಬಿಣದ ಬಾಡಿ ತುಕ್ಕು ಹಿಡಿದು ಉದುರಿತು. ಅವಳು ಮಾಯಾಪುರಿಯ ಗುಜರಿ ಬಜಾರಿನಿಂದ ಫೈಬರ್ ಬಾಡಿ ತಂದು ಕೂರಿಸಿದಳು. ನೋಡಿದರೆ ಹಳೇ ವೈರಿಂಗನ್ನು ಇಲಿ ಕಡಿದು ಹಾಕಿತ್ತು. ಆಗ ಭಾವನಿಗೆ ಅದೇನು ಮನಸ್ಸು ಬಂತೋ, "ವೈರಿಂಗ್ ಸೆಟ್ ನಾನು ತರ್ತೇನೆ" ಅಂದರು. ರಶ್ಮಿತಾಳ ಕಣ್ಣು ತುಂಬಿಬಿಟ್ಟಿತು.

ನಾನೂ ಭಾವನೂ ಗಾಡಿ ಸಾಮಾನಿನ ಅಂಗಡಿಗಳಿರುವ ಕಾಶ್ಮೀರಿ ಗೇಟಿಗೆ ಹೋದೆವು. ಅಂಗಡಿಯವನು ಒಂದೇ ಪ್ರಶ್ನೆ ಕೇಳಿದ, ಬಾಡಿ ಕಬ್ಬಿಣದ್ದೋ ಫೈಬರಿನದ್ದೋ ಅಂತ. ಭಾವ ಫೈಬರ್ ಅಂದರು. ಅವನು ಎದುರಿಗಿದ್ದ ಸೆಟ್ಟನ್ನು ಒಳಗಿಟ್ಟು ಇನ್ನೊಂದು ದಪ್ಪನೆಯದು ತಂದ. "ಇಸ್ ಮೇ ಕಾಲೀ ತಾರ್ ಜ್ಯಾದಾ ಹೈ, ಅಂಕಲ್‌ಜೀ. ಯಹೀ ಲಗೇಗಾ."

ಆಟೋದಲ್ಲಿ ಕೂತ ಮೇಲೆ ಭಾವ ನನ್ನ ಕಡೆ ಬಾಗಿ, "ಇದೇ ಬೇಕಾಗ್ತದಂತೆ. ಕರಿ ವೈರು ಜಾಸ್ತಿ ಅಂತ ಅವನ ಬಾಯಿಂದಲೇ ಬಂತು ನೋಡು ಗೋಪಿ" ಅಂದರು.

ಮರುದಿನ ಮೂರೂವರೆಗೆ ಬೇಳೆಯ ಜಾಗದಲ್ಲಿ ವೈರಿಂಗ್ ಸೆಟ್ ಕೂತಿತು. ಪಕ್ಕದಲ್ಲಿ ಇಲಿ ಕಡಿದ ಹಳೇ ಸೆಟ್. ಭಾವ ಕನ್ನಡಕ ಹಾಕಿಕೊಂಡು, ಟೇಪು ಬಿಚ್ಚಿ, ಒಂದೊಂದೇ ವೈರನ್ನು ಹಳೆಯದರ ಜೊತೆ ತಾಳೆ ನೋಡಿದರು. ಕೆಂಪು, ಹಳದಿ, ನೀಲಿ ಎಲ್ಲ ಸರಿಯಾಯಿತು. ಕರಿಯವು ಮಾತ್ರ ಹಳೆಯದರಲ್ಲಿ ಇಲ್ಲವೇ ಇಲ್ಲ. "ಯಾವ ಸ್ವಿಚ್ಚಿಗೂ ಹೋಗೋದಿಲ್ಲ ಇವು. ಎಲ್ಲ ಬಂದು ಒಂದೇ ಕಡೆ ಸೇರ್ತವೆ. ದಪ್ಪ ಕಾಣ್ಲಿಕ್ಕೆ ತುಂಬಿಸಿದ್ದಾನೆ" ಅಂತ ಹೇಳಿ ಎಳೆಯತೊಡಗಿದರು. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬೇಗ ಮುಗಿಯಲಿ ಎಂದು ನಾನೂ ಕೂತು ಎಳೆದೆ. ಒಟ್ಟು ಹನ್ನೊಂದು ಕರಿ ವೈರು ಬಂದವು. ಭಾವ ಹೊಸ ಟೇಪು ಸುತ್ತಿ ಸೆಟ್ಟನ್ನು ಅಚ್ಚುಕಟ್ಟು ಮಾಡಿದರು.

ಗಲ್ಲಿಯ ಗ್ಯಾರೇಜಿನ ಮಿಸ್ತ್ರಿ ಅದನ್ನು ಜೋಡಿಸಿದಾಗ ಒಂದು ದೀಪವೂ ಹತ್ತಲಿಲ್ಲ. ಅವನಿಗೆ ಊಟದ ಹೊತ್ತು ಮೀರುತ್ತಿತ್ತು. ತನ್ನ ಬಳಿಯಿದ್ದ ಒಂದು ತುಂಡು ವೈರಿನಿಂದ ದೀಪ, ವೈಪರ್, ಹಾರ್ನುಗಳ ಖಾಲಿ ಉಳಿದ ತುದಿಗಳನ್ನೆಲ್ಲ ಸೇರಿಸಿ, ಮೀಟರುಗಳಿದ್ದ ಕಬ್ಬಿಣದ ತಗಡಿಗೆ ಕಟ್ಟಿದ. ದೀಪ ಹತ್ತಿದವು, ಕೊಂಚ ಮಂಕಾಗಿ. ಆ ತಗಡಿನಿಂದ ಬ್ಯಾಟರಿಗೆ ಸೇರಿದ ಎಂಜಿನ್ನಿಗೆ ಮುಟ್ಟುತ್ತಿದ್ದದ್ದು ಒಂದೇ ಒಂದು, ತಣ್ಣಗಿನ ಎಂಜಿನ್ ಚಾಲೂ ಮಾಡಲು ಎಳೆಯುವ, ಬೆರಳಿಗಿಂತ ಸಣ್ಣದಾದ ಚೋಕಿನ ತಂತಿ. ಇದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ರಶ್ಮಿತಾ ಹೊರಟು ನಿಂತಳು. ಭಾವ ಕೀ ಕೊಡಲಿಲ್ಲ.

"ಮೊದಲ ದೋಸೆ ನಂದು" ಅಂತ ತಾವೇ ಹತ್ತಿ ಕೂತರು.

"ಬಿಡಿ ಭಾವ, ಹುಡುಗಿಗೆ ಹೊತ್ತಾಗ್ತದೆ" ಅಂತ ಗದರಿದವನು ನಾನೇ. ಆ ಮಾತನ್ನು ಅವರು ಕೇಳಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ, ಯಾರಿಗೂ ಮುಖ ತೋರಿಸುತ್ತಲೂ ಇರಲಿಲ್ಲ.

ಅವರು ಎಂಜಿನ್ ಚಾಲೂ ಮಾಡಿ, ದೊಡ್ಡ ದೀಪ ಹಾಕಿ, ವೈಪರ್ ಹಾಕಿ, ಹಾರ್ನ್ ಒತ್ತಿ ಹಿಡಿದರು. ಒಂದು ನಿಮಿಷವೂ ಆಗಿರಲಿಲ್ಲ, ಸ್ಟಿಯರಿಂಗಿನ ಕೆಳಗೆ ಚೋಕಿನ ತಂತಿ ಒಲೆಯ ಕೆಂಡದ ಹಾಗೆ ಕೆಂಪಾಯಿತು. ಅದರ ಪ್ಲಾಸ್ಟಿಕ್ಕು ತೊಟ್ಟಿಕ್ಕಿ ಕಾರ್ಪೆಟ್ಟಿಗೆ ಬೆಂಕಿ ಹಿಡಿಯಿತು. ಭಾವ ಇಳಿಯುವುದು ಬಿಟ್ಟು ಆ ತಂತಿಯನ್ನೇ ಬಲಗೈಯಲ್ಲಿ ಹಿಡಿದು ಕಿತ್ತರು. ರಶ್ಮಿತಾ ಓಡಿಬಂದು ಬ್ಯಾಟರಿ ಕಳಚಿ, ಗೋಣಿಚೀಲ ಬಡಿದು ಬೆಂಕಿ ಆರಿಸಿದಳು. ನಾನು ನೀರಿನ ಜಗ್ಗು ಹಿಡಿದು ನಿಂತೇ ಇದ್ದೆ. ಫೈಬರ್ ಹೊತ್ತಿಕೊಂಡರೆ ಕಾಗದವಿದ್ದಂತೆ. ಅವಳೋ ಗುಡ್ಡದಲ್ಲಿ ಎರಡೆರಡು ಬೆಲ್ಟು ಬಿಗಿದು ಕೂರುವವಳು, ಅವನ್ನು ಬಿಚ್ಚಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಅಪ್ಪನ ಕೈಗೆ ಸುತ್ತಲು ಒದ್ದೆ ಬಟ್ಟೆ ತರುತ್ತೇನೆಂದು ಅವಳು ಅಡುಗೆಮನೆಯ ಹಿಂದಕ್ಕೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದೆ. ಟವೆಲುಗಳನ್ನು ಹರವಿದ್ದ ಹೊಸ ಹಗ್ಗವನ್ನು ಮುಟ್ಟಿಕೊಂಡು ನಿಂತಿದ್ದಳು. ಹನ್ನೊಂದು ಕರಿ ವೈರು ಸೇರಿಸಿ ಹೊಸೆದದ್ದು. ಭಾವ ಏನನ್ನೂ ಬಿಸಾಡುವವರಲ್ಲ.

"ಮಾಮಾ, ಇದು ಯಾರು ತೆಗೆದಿದ್ದು?"

ನಾನು ಒಂದು ಟವೆಲನ್ನು ನೀರಿಗೆ ಅದ್ದಿ ಅವಳ ಕೈಗಿಟ್ಟೆ. ಅವಳು ಹೊರಗೆ ಬಂದು ಅಪ್ಪನ ಕೈಗೆ ಬಟ್ಟೆ ಸುತ್ತುತ್ತ ಮೆಲ್ಲಗೆ ಹೇಳಿದಳು. "ಕರೆಂಟು ದೀಪಕ್ಕೆ ಹೋದ್ರೆ ಸಾಕಾಗಲ್ಲ ಅಪ್ಪ, ಬ್ಯಾಟರಿಗೆ ವಾಪಸ್ ಬರ್ಬೇಕು. ಕಬ್ಬಿಣ ಆದ್ರೆ ಬಾಡಿನೇ ತರತ್ತೆ. ಫೈಬರ್ ಮೇ ಸೇ ಕುಛ್ ನಹೀ ಜಾತಾ, ಏನೂ ಹಾದು ಹೋಗಲ್ಲ. ಅದಕ್ಕೇ ಆ ಕರಿ ವೈರು. ಅದಿಲ್ದೆ ಎಲ್ಲ ಚೋಕಿನ ತಂತೀಲೇ ವಾಪಸ್ ಬಂತು."

ಮೂರನೆಯ ದಿನ ಭಾವ ಗಲ್ಲಾದ ಹತ್ತಿರ ಬಂದು, "ಆ ಬೆಂಕಿ ಮಗಳಿಗೆ ನಾನೇ ಹಾಕಿ ಕೊಟ್ಟಿದ್ದೆನಲ್ಲ ಗೋಪಿ" ಅಂದರು, ಅಷ್ಟೇ. ಉದ್ದಿನ ಬೇಳೆ ಆ ವಾರ ಕಲ್ಲು ಸಮೇತ ನೆನೆಯಿತು.

ಹದಿನೈದು ದಿನ ಕಳೆದು ಅದೇ ಅಂಗಡಿಯಿಂದ ಇನ್ನೊಂದು ಸೆಟ್ ಬಂತು. ಟೇಪನ್ನು ಯಾರೂ ಬಿಚ್ಚಲಿಲ್ಲ. ಜೋಡಿಸಿದ್ದು ರಶ್ಮಿತಾ, ಕರಿ ವೈರುಗಳನ್ನೆಲ್ಲ ತಾನೇ ಬ್ಯಾಟರಿಯ ತನಕ ಎಳೆದು ಬಿಗಿದಳು. ಮತ್ತೆ ಭಾನುವಾರ, ಮತ್ತೆ ಆರು ಗಂಟೆ. ಭಾವ ಸೀಟಿನ ಹತ್ತಿರ ಹೋದರೆ ಅವಳು ಆಗಲೇ ಹತ್ತಿ ಕೂತಿದ್ದಳು.

"ಈ ಸಲ ಮೊದಲ ದೋಸೆ ನಂದು" ಅಂದಳು.

ನಾನು ಜಗ್ಗು ಹಿಡಿದು ಸಿದ್ಧನಾದೆ. ಭಾವ ವಾದ ಮಾಡಲಿಲ್ಲ. ಈಚೆ ಬದಿಯಿಂದ ಬಂದು, ನೆಲಕ್ಕೆ ಮಂಡಿಯೂರಿ, ಸ್ಟಿಯರಿಂಗಿನ ಕೆಳಗೆ ಎಡಗೈ ತೂರಿಸಿ ಹೊಸ ಚೋಕಿನ ತಂತಿಯನ್ನು ಹಿಡಿದುಕೊಂಡರು. ಬಲಗೈಯ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ.

"ಅಪ್ಪ, ಕೈ ತೆಗೀರಿ. ಪ್ಲೀಸ್."

"ಹಾಕು" ಅಂದರು. "ದೀಪ ಹಾಕು. ವೈಪರೂ ಹಾಕು. ಹಾರ್ನ್ ಒತ್ತು."

ಅವಳು ಅಳುತ್ತಲೇ ಒಂದೊಂದಾಗಿ ಎಲ್ಲ ಹಾಕಿದಳು. ತಂತಿ ತಣ್ಣಗಿತ್ತು. ಹತ್ತು ನಿಮಿಷ ಅವರು ಹಿಡಿದೇ ಇದ್ದರು.