ಭಾವನಿಗೆ ಕೇಳಿಸಬೇಕಿದ್ದ ಬಿಲ್ಲು

ನನ್ನ ಗಂಡ ಜ್ವರದಲ್ಲಿ ತೀರಿಹೋಗಿ, ನಲವತ್ತನೇ ದಿನದ ಫಾತೆಹಾ ಮುಗಿದ ದಿನವೇ ಅವನ ಅಣ್ಣ, ನನ್ನ ಭಾವ, ಬಂದು ಗಂಡನ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹೋದ. ಬೇಟೆಯ ಬಿಲ್ಲಲ್ಲ ಅದು. ಆಳುದ್ದದ ದಂಡ, ತುದಿಗೆ ಅಗಲವಾದ ಹಲಗೆ, ಬಿಗಿದ ಆಡಿನ ಕರುಳಿನ ಹುರಿ. ಅದನ್ನು ಮೀಟುತ್ತ ಓಣಿಯಲ್ಲಿ ನಡೆದರೆ ಜನ ಹಳೆಯ ಗಾದಿಗಳನ್ನು ಹೊರಗೆ ತರುತ್ತಿದ್ದರು. ಪಿಂಜಾರರಾದ ನಮ್ಮ ಅನ್ನ ಅದೇ. ಭಾವನಿಗೆ ತನ್ನದೊಂದು ಬಿಲ್ಲು ಇದ್ದೇ ಇತ್ತು. ಅವನಿಗೆ ಬೇಕಾಗಿದ್ದದ್ದು ನಮ್ಮ ಓಣಿಗಳು.

"ಹೆಂಗಸರು ಮುಟ್ಟಿದ್ರ ಹುರಿ ಹರೀತದ. ನಮ್ಮ ಮನ್ಯಾಗ ರೊಟ್ಟಿ ಬಡಿ, ಹೊಟ್ಟಿಗಿ ಹಾಕ್ತೀನಿ," ಎಂದ.

ಗಂಡ ಹಾಸಿಗೆ ಹಿಡಿದಾಗ ಆ ಬಿಲ್ಲು ಹೊಡೆದವಳು ನಾನೇ ಎಂಬುದು ಭಾವನಿಗೂ ಗೊತ್ತಿತ್ತು. ಇವನ ನೆಮ್ಮದಿ ಕೆಡಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ.

ನಿಜಾಮರ ರಾಜ್ಯ ಹೋದ ಮರುವರ್ಷ ಅದು. ನಮ್ಮ ಬಸವಕಲ್ಯಾಣದಲ್ಲೇ ಮರ ಕೊಂಡರೆ ಸಂಜೆಯೊಳಗೆ ಭಾವನಿಗೆ ಸುದ್ದಿ ಮುಟ್ಟುತ್ತದೆಂದು, ಕಾಲಿನ ಬೆಳ್ಳಿ ಕಡಗ ಸೆರಗಿಗೆ ಕಟ್ಟಿಕೊಂಡು ಹುಮನಾಬಾದಿನ ಕಟ್ಟಿಗೆ ಅಡ್ಡೆಗೆ ಹೋದೆ.

ಅಡ್ಡೆಯ ಮಾಲಕ ಮಿರಿಮಿರಿ ಮಿಂಚುವ ಶೀಸಂ ಹಲಗೆಯೊಂದನ್ನು ಮುಂದಿಟ್ಟ. ಸೆರಗಿನ ತುದಿ ನೀರಲ್ಲಿ ಅದ್ದಿ ಒರೆಸಿದೆ. ನಡುವೆ ಗಂಟಿತ್ತು, ಅದನ್ನು ಮೇಣ, ಕಟ್ಟಿಗೆಯ ಪುಡಿ ತುಂಬಿ ಮುಚ್ಚಿದ್ದ.

"ಇದನ್ನ ನಿಮ್ಮ ಬೀಗರಿಗಿ ಕೊಡ್ರಿ," ಎಂದೆ.

"ಅಬ್ಬಬ್ಬಾ! ಹಲಗಿ ನೋಡಾಕತ್ತಿಯೋ, ಹೆಣ್ಣು ನೋಡಾಕತ್ತಿಯೋ ಯವ್ವಾ?"

"ಹೆಣ್ಣಾಗಿದ್ರ ಇಷ್ಟು ನೋಡ್ತಿರ್ಲಿಲ್ರಿ."

ರಾಶಿಯನ್ನೆಲ್ಲ ಇಳಿಸಿದೆ. ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿ ಸೊಟ್ಟಗಿದ್ದವನ್ನು ಆಚೆ ತಳ್ಳಿದೆ. ಮರದ ಎಳೆಗಳು ನಡುವೆಯೇ ಅಂಚಿಗೆ ಜಾರಿದ್ದವೂ ಬೇಡ, ಹುರಿ ಬಿಗಿದರೆ ಅಲ್ಲೇ ಸೀಳುತ್ತವೆ. ಕೊನೆಗೆ ಒಂದೇ ಮರದಿಂದ ಕೊಯ್ದ ಎರಡು ಸಾಗವಾನಿ ಹಲಗೆ ಸಿಕ್ಕವು. ಉದ್ದದ್ದು ದಂಡಕ್ಕೆ, ಅಗಲದ್ದು ತುದಿಗೆ. ಎಳೆಗಳು ಈ ತುದಿಯಿಂದ ಆ ತುದಿಗೆ ನೆಟ್ಟಗಿದ್ದವು. ಕಿವಿ ಹಚ್ಚಿ ಬೆರಳಿನಿಂದ ಬಡಿದೆ. ಠಣ್ ಎಂದಿತು. ಭಾವನ ಪಡಸಾಲೆಯವರೆಗೂ ಹೋಗುವ ದನಿ! ನಗು ತಡೆದುಕೊಂಡೆ, ನಕ್ಕಿದ್ದರೆ ಮಾಲಕ ದರ ಏರಿಸುತ್ತಿದ್ದ.

ಕಡಗ ಕೊಟ್ಟು ಹಲಗೆ ತಂದು, ಬಡಿಗರ ಕೈಯಲ್ಲಿ ಬಿಲ್ಲು ಮಾಡಿಸಿದೆ. ಕೆಲಸಕ್ಕೆ ಹೊರಡುವ ಮುನ್ನ ದಿನಾ ಭಾವನ ಬಾಗಿಲ ಮುಂದೆ ನಿಂತು ಮೀಟುತ್ತಿದ್ದೆ.

"ನಾಚ್ಕಿ ಇಲ್ಲೇನ ನಿನಗ?" ಎಂದು ಒಂದು ದಿನ ಭಾವ ಹೊರಗೆ ಬಂದ.

"ಹುರಿ ಹರೀತದೇನು ನೋಡಾಕತ್ತೀನ್ರಿ ಭಾವಾ. ಇನ್ನಾ ಹರಿದಿಲ್ಲ."

ಓಣಿಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು. ಭಾವ ಕೆಲಸ ಹುಡುಕಿಕೊಂಡು ಚಿಟಗುಪ್ಪದ ಕಡೆ ಅಲೆಯತೊಡಗಿದ. ವರ್ಷ ಕಳೆಯುವಷ್ಟರಲ್ಲಿ ಅವನ ಹೆಂಡತಿ, ನನ್ನ ನೆಗೆಣ್ಣಿ, ಹತ್ತಿಯ ಗಂಟು ಹೊತ್ತು ನನ್ನ ಮನೆಗೆ ಬಂದಳು.

"ಮಗಳ ಮದ್ವಿ ಗಾದಿ. ಅವರಿಗಿ ಕೆಮ್ಮು ಹತ್ತ್ಯದ, ಕೈಲೆ ಆಗಾಕತ್ತಿಲ್ಲ. ಅವರಿಗಿ ಗೊತ್ತಾಗದಂಗ ಇಲ್ಲೇ ಹಿಂಜಿ ಕೊಡು ತಂಗಿ."

"ಹಿಂಜ್ತೀನಿ ಅಕ್ಕಾ. ಆದ್ರ ನಿಮ್ಮ ಅಂಗಳದಾಗ. ಅವರು ಮನ್ಯಾಗ ಇದ್ದಾಗ."

ಮರುದಿನ ಭಾವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನಾನು ಬಿಲ್ಲು ತೂಗುಹಾಕಿ ಹೊಡೆಯತೊಡಗಿದೆ. ಅರಳೆ ಹಾರಿ ಅವನ ಗಡ್ಡದ ಮೇಲೆ ಕೂತಿತು. ಕೆಮ್ಮಿದ, ಒಳಗೆ ಎದ್ದುಹೋಗಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಹತ್ತಿ ಮಧ್ಯಾಹ್ನಕ್ಕೇ ಮುಗಿಯಿತು. ನಾನು ಸಂಜೆಯವರೆಗೂ ಬರಿಯ ಹುರಿಯನ್ನೇ ಹೊಡೆಯುತ್ತ ಕೂತೆ.